ಓದುಗರ ಪ್ರಶ್ನೆ: ಮಿಶಿಗನ್ ಸರೋವರದ ಸಾಲ್ಮನ್ ಮತ್ತು ಟ್ರೌಟ್

ಹೋದ ಸಂಚಿಕೆಯಲ್ಲಿ ಅಮೆರಿಕದ ಮಿಶಿಗನ್ ಸರೋವರದಲ್ಲಿ ದೋಣಿಯ ಹಿಂದೆ ಗಾಳ ಎಳೆದು ಸಾಲ್ಮನ್ ಮೀನು ಹಿಡಿಯುವ ‘ಟ್ರೋಲಿಂಗ್’ ಎಂಬ ಹವ್ಯಾಸದ ಬಗ್ಗೆ ನಾನು ಒಂದು ಪುಟದ ಟಿಪ್ಪಣಿ ಬರೆದಿದ್ದೆ. ಅದನ್ನು ಓದಿ ಪ್ರಶ್ನೆ ಕಳಿಸಿದವರಲ್ಲಿ ಕರಾವಳಿಯವರೂ ಇದ್ದಾರೆ, ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರೂ ಇದ್ದಾರೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಉತ್ತರಿಸಿದ್ದೇನೆ.

ನೀವು ಹೇಳುವ ಟ್ರೋಲಿಂಗ್ ನಮ್ಮ ಟ್ರಾಲ್ ಬೋಟಿನ ಮೀನುಗಾರಿಕೆಯೇ ಅಲ್ಲವೇ? ಅದನ್ನು ಹವ್ಯಾಸ ಎನ್ನುವುದು ಹೇಗೆ?
(ಮಲ್ಪೆಯ ಓದುಗರು)

ಎರಡೂ ಬೇರೆ. ಉಚ್ಚಾರ ಹತ್ತಿರವಿರುವುದರಿಂದ ಈ ಗೊಂದಲ ಸಹಜ. ಜಾಲತಾಣಗಳ ‘ಟ್ರೋಲ್’ ಬಂದ ಮೇಲಂತೂ ಈ ಪದ ಕೇಳಿದವರು ನಗುವುದೇ ಹೆಚ್ಚು. ಟ್ರಾಲ್ ಬೋಟು ಚೀಲದಂಥ ಬಲೆಯನ್ನು ನೀರೊಳಗೆ ಎಳೆದುಕೊಂಡು ಹೋಗಿ, ದಾರಿಯಲ್ಲಿ ಸಿಕ್ಕಿದ್ದನ್ನೆಲ್ಲ ಬಾಚುತ್ತದೆ. ಟ್ರೋಲಿಂಗಿನಲ್ಲಿ ಬಲೆಯೇ ಇಲ್ಲ. ಗಾಳದ ಕೋಲುಗಳನ್ನು ದೋಣಿಯ ಅಂಚಿನಲ್ಲಿ ನಿಲ್ಲಿಸಿ, ದಾರದ ತುದಿಗೆ ಮಿನುಗುವ ಲೋಹದ ತಗಡನ್ನೋ ಪ್ಲಾಸ್ಟಿಕ್ಕಿನ ಹುಸಿ ಮೀನನ್ನೋ ಕಟ್ಟಿ, ಗಂಟೆಗೆ ಎರಡರಿಂದ ಮೂರು ಮೈಲಿಯ ವೇಗದಲ್ಲಿ, ಅಂದರೆ ಮನುಷ್ಯ ಆರಾಮವಾಗಿ ನಡೆಯುವಷ್ಟು ನಿಧಾನವಾಗಿ, ಎಳೆದುಕೊಂಡು ಹೋಗುತ್ತಾರೆ. ಒಂದು ಗಾಳಕ್ಕೆ ಒಂದು ಮೀನು. ದೋಣಿಯ ಹಿಂದೆ ಗಾಳ ಎಳೆದು ಅಂಜಲ್ ಹಿಡಿಯುವ ಕ್ರಮವನ್ನು ನೀವು ಕಂಡಿರಬಹುದು. ಅದರ ಸಿಹಿನೀರಿನ ದಾಯಾದಿ ಇದು ಎಂದುಕೊಳ್ಳಿ.

ಮಗನನ್ನು ನೋಡಲು ಸರೋವರದ ದಡದ ಮಿಲ್ವಾಕಿಗೆ ಹೋಗಿದ್ದಾಗ ನಮ್ಮನ್ನು ಇಂಥ ದೋಣಿಯಲ್ಲಿ ಕರೆದೊಯ್ದಿದ್ದರು. ದೋಣಿ ನಡೆಸುವಾತ ನೀರನ್ನು ನೋಡಿದ್ದಕ್ಕಿಂತ ಒಂದು ಪರದೆಯ ಮೇಲಿನ ಅಂಕಿಗಳನ್ನು ನೋಡಿದ್ದೇ ಹೆಚ್ಚು. ಕಬ್ಬಿಣದ ಗುಂಡೊಂದನ್ನು ತಂತಿಯಲ್ಲಿ ಇಳಿಬಿಡುತ್ತಿದ್ದ. ಇದೆಲ್ಲ ಏನು?
(ಮೈಸೂರಿನ ನಿವೃತ್ತ ಅಧ್ಯಾಪಕರು)

ಆತ ನೋಡುತ್ತಿದ್ದುದು ಬಹುಮಟ್ಟಿಗೆ ನೀರಿನ ಉಷ್ಣಾಂಶವನ್ನು. ಈ ಬೇಟೆಯಲ್ಲಿ ಮೊದಲು ಹುಡುಕಬೇಕಾದದ್ದು ಮೀನನ್ನಲ್ಲ, ಮೀನಿಗೆ ಹಿತವಾದ ನೀರನ್ನು.

ಮಿಶಿಗನ್ ಸರೋವರದ ವಿಸ್ತೀರ್ಣ ಸುಮಾರು 58,000 ಚದರ ಕಿಲೋಮೀಟರ್, ಅಂದರೆ ಕರ್ನಾಟಕದ ಕಾಲುಭಾಗಕ್ಕಿಂತ ಹೆಚ್ಚು. ಅತ್ಯಂತ ಆಳವಾದ ಕಡೆ 281 ಮೀಟರ್ ನೀರಿದೆ. ಇಷ್ಟು ನೀರಿನಲ್ಲಿ ಬಹುಪಾಲು ಜಾಗ ಮೀನಿಲ್ಲದ ಖಾಲಿ ಜಾಗವೇ. ಜುಲೈ–ಆಗಸ್ಟ್ ಹೊತ್ತಿಗೆ ಮೇಲಿನ ಪದರ ಬಿಸಿಲಿಗೆ ಕಾದು 20 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ, ತಳದ ನೀರು ಮಾತ್ರ ನಾಲ್ಕೈದು ಡಿಗ್ರಿಯಲ್ಲೇ ಉಳಿಯುತ್ತದೆ. ಇವೆರಡರ ನಡುವೆ ಕೆಲವೇ ಮೀಟರುಗಳಲ್ಲಿ ಉಷ್ಣಾಂಶ ತಟ್ಟನೆ ಇಳಿಯುವ ಒಂದು ಪದರವಿರುತ್ತದೆ. ಅಲ್ಲಿನ ದೊಡ್ಡ ಸಾಲ್ಮನ್ ಆದ ಚಿನೂಕ್‌ಗೆ 10ರಿಂದ 13 ಡಿಗ್ರಿಯ ನೀರು ಪ್ರಿಯವಾದ್ದರಿಂದ ಅದು ಹೆಚ್ಚಾಗಿ ಈ ಪದರದ ಆಸುಪಾಸಿನಲ್ಲಿ ಸುಳಿದಾಡುತ್ತದೆ. ಸಾಲ್ಮನ್ನಿನ ನೆಂಟನಾದ ಲೇಕ್ ಟ್ರೌಟ್ ಇನ್ನೂ ತಣ್ಣನೆಯ ಆಳದಲ್ಲಿ, ಸ್ಟೀಲ್‌ಹೆಡ್ ಎಂಬ ರೇನ್‌ಬೋ ಟ್ರೌಟ್ ಎಷ್ಟೋ ಸಲ ದಡದಿಂದ ಬಹುದೂರದ ಮೇಲ್ನೀರಿನಲ್ಲಿ ಸಿಗುತ್ತವೆ. ಈ ಪದರ ಒಂದೆಡೆ ನಿಲ್ಲುವುದೂ ಇಲ್ಲ. ದಡದ ಬಳಿಯ ಬೆಚ್ಚನೆಯ ನೀರನ್ನು ಗಾಳಿ ಒಳಕ್ಕೆ ತಳ್ಳಿದರೆ ಅದರ ಜಾಗಕ್ಕೆ ಕೆಳಗಿನ ತಣ್ಣೀರು ಉಕ್ಕಿ ಬರುತ್ತದೆ. ನಿನ್ನೆ ಈಜಾಡುತ್ತಿದ್ದ ಮಕ್ಕಳು ಇವತ್ತು ಕಾಲಿಟ್ಟು ಕಿರುಚಿ ಹಿಂದೆ ಓಡುತ್ತಾರೆ. ಅಂದು ಮೀನೂ ದಡದ ಹತ್ತಿರವೇ ಇರುತ್ತದೆ.

ಈಗ ಆ ಗುಂಡಿನ ವಿಷಯಕ್ಕೆ ಬರೋಣ. ಹಗುರವಾದ ತಗಡನ್ನು ಎಪ್ಪತ್ತು ಅಡಿ ಆಳದಲ್ಲಿ ನಿಲ್ಲಿಸುವುದು ಹೇಗೆ? ದೋಣಿ ಚಲಿಸುತ್ತಿರುವಾಗ ಅದು ಮೇಲಕ್ಕೇ ತೇಲಿ ಬರುತ್ತದೆ. ಅದಕ್ಕೆ ಡೌನ್‌ರಿಗ್ಗರ್ ಎಂಬ ರಾಟೆಯಿದೆ. ಅದರ ತಂತಿಗೆ ಹತ್ತು–ಹನ್ನೆರಡು ಪೌಂಡಿನ ಗುಂಡನ್ನು (ಸಾಮಾನ್ಯವಾಗಿ ಸೀಸದ್ದು, ಕಬ್ಬಿಣದ್ದಲ್ಲ) ತೂಗಿಬಿಟ್ಟು, ಗಾಳದ ದಾರವನ್ನು ಆ ಗುಂಡಿನ ಬಳಿ ಒಂದು ಕ್ಲಿಪ್ಪಿಗೆ ಸಿಕ್ಕಿಸುತ್ತಾರೆ. ಗುಂಡು ಇಳಿದಷ್ಟು ಆಳಕ್ಕೆ ಗಾಳವೂ ಇಳಿಯುತ್ತದೆ. ಮೇಲೆ ದಾರವನ್ನು ಬಿಗಿಯಾಗಿ ಸುತ್ತುವುದರಿಂದ ಕೋಲು ಬಿಲ್ಲಿನಂತೆ ನೀರಿನ ಕಡೆಗೆ ಬಾಗಿ ನಿಂತಿರುತ್ತದೆ. ಮೀನು ಕಚ್ಚಿ ಎಳೆದಾಗ ದಾರ ಕ್ಲಿಪ್ಪಿನಿಂದ ಕಳಚಿಕೊಂಡು, ಬಾಗಿದ ಕೋಲು ಚಂಗನೆ ನೆಟ್ಟಗಾಗುತ್ತದೆ. ನೋಡುವವರು ಮೀನು ತಪ್ಪಿಸಿಕೊಂಡಿತು ಎಂದುಕೊಳ್ಳುವಷ್ಟರಲ್ಲಿ ಮತ್ತೆ ಬಾಗಿ, ರೀಲು ಕಿರ್ರೆಂದು ದಾರ ಬಿಡತೊಡಗುತ್ತದೆ. ಆ ಎರಡು ಬಾಗುಗಳ ನಡುವಿನ ಅರೆಕ್ಷಣಕ್ಕಾಗಿಯೇ ಜನ ಬೆಳಗಿನ ಜಾವ ಮೂರಕ್ಕೆ ಎದ್ದು ಬಂದರಿಗೆ ಹೋಗುತ್ತಾರೆ ಎಂದರೆ ತಪ್ಪಾಗದು. ಒಳ್ಳೆಯ ಚಿನೂಕ್ ದೋಣಿಯ ಬಳಿ ಬರಲು ಹದಿನೈದು–ಇಪ್ಪತ್ತು ನಿಮಿಷ ಬೇಕಾಗಬಹುದು.

ಪರದೆಯ ಮೇಲೆ ಇನ್ನೊಂದು ಅಂಕಿಯನ್ನೂ ನೀವು ಕಂಡಿರಬೇಕು, ವೇಗ. ಮೇಲಿನ ವೇಗ ಒಂದು, ಗುಂಡಿನ ಬಳಿಯ ವೇಗ ಇನ್ನೊಂದು. ಆಳದಲ್ಲಿ ಬೇರೆಯೇ ಸೆಳೆತ ಹರಿಯುತ್ತಿದ್ದರೆ, ಮೇಲೆ ಎರಡೂವರೆ ಮೈಲಿ ಓಡುತ್ತಿರುವ ದೋಣಿಯ ಗಾಳ ಕೆಳಗೆ ಒಂದೂವರೆ ಮೈಲಿಯಲ್ಲಿ ತೆವಳುತ್ತಿರಬಹುದು. ದೋಣಿಯನ್ನು ನೇರವಾಗಿ ನಡೆಸದೆ ಹಾವಿನಂತೆ ತಿರುಗಿಸುತ್ತಾ ಹೋಗುವ ಗುಟ್ಟು ಇಲ್ಲಿದೆ. ತಿರುವಿನ ಒಳಬದಿಯ ಗಾಳಗಳು ನಿಧಾನವಾಗಿ ಕೆಳಗಿಳಿಯುತ್ತವೆ, ಹೊರಬದಿಯವು ವೇಗ ಪಡೆದು ಮೇಲೇರುತ್ತವೆ. ಹೊರಬದಿಯದಕ್ಕೇ ಮೀನು ಮತ್ತೆ ಮತ್ತೆ ಕಚ್ಚಿದರೆ ವೇಗ ಹೆಚ್ಚಿಸಿ ನೋಡಬೇಕೆಂದು ಅರ್ಥ. ನನ್ನ ಎರಡನೆಯ ವರ್ಷದಲ್ಲಿ ಇದನ್ನು ಹೊಸದಾಗಿ ಕಲಿತ ಉತ್ಸಾಹದಲ್ಲಿ ಚುಕ್ಕಾಣಿಯನ್ನು ತೀರಾ ತಿರುಗಿಸಿ, ಆರು ದಾರಗಳನ್ನೂ ಎರಡು ತಂತಿಗಳನ್ನೂ ಒಂದೇ ಜಡೆಯಾಗಿ ಹೆಣೆದಿದ್ದೆ. ಬಿಡಿಸಲು ಒಂದೂವರೆ ಗಂಟೆ ಹಿಡಿಯಿತು. ಸುತ್ತಲಿನ ದೋಣಿಗಳವರೆಲ್ಲ ಅಷ್ಟರಲ್ಲಿ ಮೀನು ಹಿಡಿದು ಮುಗಿಸಿದ್ದರು.

ಸಾಲ್ಮನ್ ಸಮುದ್ರದ ಮೀನು ಎಂದು ಪಠ್ಯದಲ್ಲಿ ಓದಿದ್ದೇನೆ. ಅದು ಸಿಹಿನೀರಿನ ಸರೋವರಕ್ಕೆ ಬಂದದ್ದು ಹೇಗೆ?
(ಬೆಂಗಳೂರಿನ ಪ್ರಾಣಿಶಾಸ್ತ್ರ ವಿದ್ಯಾರ್ಥಿನಿ)

ಮನುಷ್ಯರು ತಂದು ಬಿಟ್ಟರು. ಅದರ ಹಿಂದೆ ಒಂದು ಅನಾಹುತದ ಸರಣಿಯಿದೆ.

ಈ ಸರೋವರದ ಮೂಲನಿವಾಸಿ ಬೇಟೆಗಾರ ಮೀನು ಲೇಕ್ ಟ್ರೌಟ್. ನಯಾಗರ ಜಲಪಾತ ಕೆಳಗಿನ ನೀರಿನ ಜೀವಿಗಳಿಗೆ ತಡೆಗೋಡೆಯಾಗಿತ್ತು. ಹಡಗುಗಳು ಅದನ್ನು ಬಳಸಿ ಹೋಗಲೆಂದು ತೋಡಿದ ವೆಲ್ಯಾಂಡ್ ಕಾಲುವೆ ಆ ಗೋಡೆಯನ್ನು ಮುರಿದಂತಾಯಿತು. ದವಡೆಯಿಲ್ಲದ, ಹಾವುಮೀನಿನಂತೆ ಕಾಣುವ, ಬಟ್ಟಲಿನಾಕಾರದ ಬಾಯಿ ತುಂಬ ಹಲ್ಲಿರುವ ಲ್ಯಾಂಪ್ರೆ ಎಂಬ ರಕ್ತಹೀರುಕ 1921ರಲ್ಲಿ ಜಲಪಾತದ ಮೇಲಿನ ಈರಿ ಸರೋವರದಲ್ಲಿ, 1936ರಲ್ಲಿ ಮಿಶಿಗನ್ ಸರೋವರದಲ್ಲಿ ಕಾಣಿಸಿಕೊಂಡಿತು. ಅದರ ಹಾವಳಿ, ಜೊತೆಗೆ ಮಿತಿಮೀರಿದ ಬಲೆಗಾರಿಕೆ ಎರಡೂ ಸೇರಿ 1950ರ ದಶಕದ ನಡುವಿಗೆ ಲೇಕ್ ಟ್ರೌಟ್ ಇಲ್ಲಿ ಹೆಚ್ಚುಕಡಿಮೆ ಅಳಿದೇ ಹೋಯಿತು. ಬೇಟೆಗಾರ ಇಲ್ಲದ ನೀರಿನಲ್ಲಿ ಆಲ್‌ವೈಫ್ ಎಂಬ ಇನ್ನೊಂದು ವಲಸೆ ಮೀನು ಹುಚ್ಚುಹೊಳೆಯಂತೆ ಹೆಚ್ಚಿತು. ನಮ್ಮ ಬೂತಾಯಿಯ ದೂರದ ನೆಂಟ, ಅಂಗೈಯುದ್ದದ ಬೆಳ್ಳಿ ಮೀನು. 1967ರ ಬೇಸಿಗೆಯಲ್ಲಿ ಅದು ರಾಶಿರಾಶಿಯಾಗಿ ಸತ್ತು ದಡಕ್ಕೆ ಬಿದ್ದು, ಕಡಲತೀರದಂತಿದ್ದ ಊರುಗಳಲ್ಲಿ ಮೂಗು ಮುಚ್ಚದೆ ಓಡಾಡಲಾಗದ ಸ್ಥಿತಿ ಬಂತು.

ಮಿಶಿಗನ್ ರಾಜ್ಯದ ಮೀನುಗಾರಿಕೆ ವಿಭಾಗಕ್ಕೆ 1964ರಲ್ಲಿ ಮುಖ್ಯಸ್ಥರಾಗಿ ಬಂದ ಹೊವರ್ಡ್ ಟ್ಯಾನರ್ ಈ ಪಿಡುಗನ್ನೇ ಮೇವೆಂದು ಕಂಡರು. ಪೆಸಿಫಿಕ್ ತೀರದ ಆರೆಗಾನಿನಿಂದ ಕೋಹೊ ಸಾಲ್ಮನ್ ಮೊಟ್ಟೆಗಳನ್ನು ತರಿಸಿ, ಮರಿ ಮಾಡಿಸಿ, 1966ರ ವಸಂತದಲ್ಲಿ ಪ್ಲ್ಯಾಟ್ ನದಿಗೂ ಬೇರ್ ಕ್ರೀಕ್ ತೊರೆಗೂ ಬಿಡಿಸಿದರು. ಮರುವರ್ಷ ಚಿನೂಕ್ ಮರಿಗಳೂ ಸೇರಿದವು. ಹೊಳೆಯಲ್ಲಿ ಹುಟ್ಟಿ, ಸಮುದ್ರದಲ್ಲಿ ತಿಂದು ಬೆಳೆದು, ಹುಟ್ಟಿದ ಹೊಳೆಗೇ ಮರಳಿ ಮೊಟ್ಟೆಯಿಟ್ಟು ಸಾಯುವುದು ಈ ಸಾಲ್ಮನ್‌ಗಳ ಬಾಳು. ಇಲ್ಲಿ ಸಮುದ್ರದ ಜಾಗದಲ್ಲಿ ಸರೋವರ ನಿಂತಿತು, ಅಷ್ಟೇ.

ನೀವು ಪ್ರಾಣಿಶಾಸ್ತ್ರ ಓದುತ್ತಿರುವುದರಿಂದ ಇನ್ನೊಂದು ತಿರುವನ್ನೂ ಹೇಳಬೇಕು. ಕ್ವಾಗ ಎಂಬ ಹೊರನಾಡಿನ ಚಿಪ್ಪುಜೀವಿ ತಳವನ್ನೆಲ್ಲ ಹಾಸಿಕೊಂಡು ನೀರಿನ ಸೂಕ್ಷ್ಮಜೀವಿಗಳನ್ನು ಸೋಸಿ ತಿನ್ನತೊಡಗಿದ ಮೇಲೆ ಆಲ್‌ವೈಫ್‌ಗೆ ಆಹಾರ ಕಡಿಮೆಯಾಯಿತು. ಪಕ್ಕದ ಹ್ಯೂರಾನ್ ಸರೋವರದಲ್ಲಿ 2003–04ರ ಸುಮಾರಿಗೆ ಆಲ್‌ವೈಫ್ ಕುಸಿದಾಗ ಅದನ್ನೇ ನೆಚ್ಚಿದ್ದ ಚಿನೂಕ್ ಬೇಟೆಯೂ ಕುಸಿಯಿತು. ಅದನ್ನು ಕಂಡು ಮಿಶಿಗನ್ ಸರೋವರದಲ್ಲಿ 2013ರಲ್ಲಿ ಚಿನೂಕ್ ಮರಿ ಬಿಡುವುದನ್ನು ಬಹಳಷ್ಟು ಇಳಿಸಿದರು. ಆಲ್‌ವೈಫನ್ನು ತಿಂದು ಮುಗಿಸಲೆಂದು ತಂದ ಮೀನಿನ ಸಂಖ್ಯೆಯನ್ನು ಈಗ ಆಲ್‌ವೈಫ್ ಉಳಿಯಲೆಂದು ಹಿಡಿತದಲ್ಲಿಡುತ್ತಿದ್ದಾರೆ! ಹಿಡಿದ ಚಿನೂಕಿನ ಬಾಲದ ಹತ್ತಿರ, ಬೆನ್ನಿನ ಮೇಲೆ, ಕಿರುಬೆರಳ ತುದಿಯಷ್ಟಿರುವ ಕೊಬ್ಬಿನ ರೆಕ್ಕೆಯನ್ನು ನೋಡಿ. ಅದನ್ನು ಕತ್ತರಿಸಿದ್ದರೆ ಮರಿಕೇಂದ್ರದ ಮೀನು. ಇದ್ದರೆ ಬಹುತೇಕ ಹೊಳೆಯಲ್ಲೇ ಹುಟ್ಟಿದ್ದು. ಇಂದು ಹೊಳೆಯಲ್ಲಿ ಹುಟ್ಟಿದವೇ ಅರ್ಧಕ್ಕಿಂತ ಹೆಚ್ಚು.

ಶಿಕಾಗೋದಲ್ಲಿ ಕೆಲಸ ಮಾಡುತ್ತೇನೆ. ಹದಿನಾರು ಅಡಿಯ ಹಳೆಯ ದೋಣಿಯೊಂದು ಅಗ್ಗಕ್ಕೆ ಸಿಗುತ್ತಿದೆ. ಕೊಳ್ಳಲೇ?

ಈ ವರ್ಷ ಬೇಡ. ಮೊದಲು ಎರಡು–ಮೂರು ಸಲ ಬಾಡಿಗೆಯ ಚಾರ್ಟರ್ ದೋಣಿಯಲ್ಲಿ ಹೋಗಿ. ಕೋಸ್ಟ್ ಗಾರ್ಡ್ ಪರವಾನಗಿ ಪಡೆದವರು ಅದನ್ನು ನಡೆಸುತ್ತಾರೆ, ಸಾಮಾನ್ಯವಾಗಿ ಆರು ಮಂದಿಯ ತನಕ ಕರೆದೊಯ್ಯುತ್ತಾರೆ. ನಿಮ್ಮ ಊರಿಗೆ ಒಳ್ಳೆಯ ಕಾಲ ಏಪ್ರಿಲ್–ಮೇ. ಸರೋವರದ ದಕ್ಷಿಣ ತುದಿ ಮೊದಲು ಬೆಚ್ಚಗಾಗುವುದರಿಂದ ಕೋಹೊಗಳು ಆಗ ಅಲ್ಲಿ ಮೇಲ್ನೀರಿನಲ್ಲೇ ಇರುತ್ತವೆ, ಗುಂಡಿನ ಗೊಡವೆ ಅಷ್ಟಾಗಿ ಬೇಕಿಲ್ಲ; ದೋಣಿಯ ಸದ್ದಿಗೆ ಮೀನು ಬೆದರದಂತೆ ದಾರವನ್ನು ಪಕ್ಕಕ್ಕೆ ದೂರ ಒಯ್ಯುವ ಚಿಕ್ಕ ಹಲಗೆಗಳು ಸಾಕು. ಬೇಸಿಗೆ ಬಲಿತಂತೆ ಮೀನು ಉತ್ತರಕ್ಕೂ ಆಳಕ್ಕೂ ಸರಿಯುತ್ತದೆ.

ಇದನ್ನು ಕೆರೆ ಎಂದು ಎಣಿಸಬೇಡಿ. 1967ರ ಸೆಪ್ಟೆಂಬರ್ 23ರಂದು, ಕೋಹೊ ಬಂದಿದೆಯೆಂಬ ಸುದ್ದಿಗೆ ಮುಗಿಬಿದ್ದ ಸಣ್ಣ ದೋಣಿಗಳು ಪ್ಲ್ಯಾಟ್ ಕೊಲ್ಲಿಯ ಬಳಿ ಬಿರುಗಾಳಿಗೆ ಸಿಕ್ಕಿ ಏಳು ಮಂದಿ ತೀರಿಕೊಂಡರು. ಮೇ ತಿಂಗಳಿನಲ್ಲಿ ದಡದ ಮೇಲೆ ಅಂಗಿಯಲ್ಲೇ ಓಡಾಡುವಷ್ಟು ಬೆಚ್ಚಗಿರುವ ದಿನವೂ ನೀರು ಹತ್ತು ಡಿಗ್ರಿಗಿಂತ ತಣ್ಣಗಿರಬಹುದು, ಅದರಲ್ಲಿ ಬಿದ್ದವನ ಕೈಕಾಲು ಕೆಲವೇ ನಿಮಿಷಗಳಲ್ಲಿ ಸೋಲುತ್ತವೆ. ಆದ್ದರಿಂದ ಲೈಫ್ ಜಾಕೆಟ್ ಮೈಮೇಲಿರಬೇಕು, ಸೀಟಿನ ಕೆಳಗಲ್ಲ. ಮೊಬೈಲನ್ನು ನಂಬದೆ ದೋಣಿಗಳಲ್ಲಿ ಬಳಸುವ, ಮಾತಾಡಲು ಬರುವ ರೇಡಿಯೊ ಇಟ್ಟುಕೊಳ್ಳಿ; ತುರ್ತು ಕರೆಗೆ ಚಾನೆಲ್ 16. ಮೀನುಗಾರಿಕೆಯ ಪರವಾನಗಿಯೂ, ದಿನಕ್ಕೆ ಎಷ್ಟು ಮೀನು, ಒಬ್ಬರಿಗೆ ಎಷ್ಟು ಗಾಳ ಎಂಬ ಮಿತಿಯೂ ಸರೋವರದ ಸುತ್ತಲಿನ ನಾಲ್ಕು ರಾಜ್ಯಗಳಲ್ಲಿ ಬೇರೆಬೇರೆ, ಆಗಾಗ ಬದಲಾಗುತ್ತವೆ. ಹೊರಡುವ ಮುನ್ನ ಆ ವರ್ಷದ ಪುಸ್ತಿಕೆಯನ್ನೇ ನೋಡಬೇಕು.

ಇನ್ನೊಂದು ಸಣ್ಣ ಕಾಟವನ್ನು ಯಾರೂ ಮೊದಲೇ ಹೇಳುವುದಿಲ್ಲ. ಬೇಸಿಗೆಯ ನಡುವಿನಿಂದ ಮುಳ್ಳುಬಾಲದ ನೀರುಚಿಗಟಗಳೆಂಬ ಪುಟ್ಟ ಜೀವಿಗಳು ದಾರಕ್ಕೆ ಅಂಟಿ, ಒದ್ದೆ ಹತ್ತಿಯ ಉಂಡೆಯಂತಾಗಿ, ಕೋಲಿನ ತುದಿಯ ಬಳೆಯಲ್ಲಿ ಸಿಕ್ಕಿಕೊಳ್ಳುತ್ತವೆ. ಮೀನು ಕಚ್ಚಿದ್ದರೂ ರೀಲು ಮುಂದಕ್ಕೆ ಸುತ್ತುವುದಿಲ್ಲ. ದಪ್ಪ ನೈಲಾನ್ ದಾರ ಬಳಸಿದರೆ ತೊಂದರೆ ಕಡಿಮೆ.

ಮನೆಯವರು ಹಿಡಿದು ತಂದ ಸಾಲ್ಮನ್ ತಿನ್ನಬಹುದೇ? ಸಾರಿಗೆ ಆದೀತೇ?
(ಡೆಟ್ರಾಯ್ಟ್‌ನಿಂದ ಓದುಗರು)

ತಿನ್ನಬಹುದು, ಮಿತಿಯಲ್ಲಿ. ಅಮೆರಿಕದಲ್ಲಿ 1979ರಲ್ಲಿ ತಯಾರಿಕೆ ನಿಷೇಧವಾದ ಪಿಸಿಬಿ ಎಂಬ ಕೈಗಾರಿಕಾ ರಾಸಾಯನಿಕ ಇಂದಿಗೂ ಈ ಸರೋವರಗಳ ಮೀನಿನ ಕೊಬ್ಬಿನಲ್ಲಿದೆ. ಮೀನು ದೊಡ್ಡದಾದಷ್ಟೂ, ವಯಸ್ಸಾದಷ್ಟೂ ಹೆಚ್ಚು. ಯಾವ ಗಾತ್ರದ ಮೀನನ್ನು ತಿಂಗಳಿಗೆ ಎಷ್ಟು ಸಲ ತಿನ್ನಬಹುದೆಂದು ರಾಜ್ಯದ ಆರೋಗ್ಯ ಇಲಾಖೆ ಪಟ್ಟಿ ಪ್ರಕಟಿಸುತ್ತದೆ. ಗರ್ಭಿಣಿಯರಿಗೂ ಮಕ್ಕಳಿಗೂ ಮಿತಿ ಬಿಗಿಯಾಗಿರುತ್ತದೆ. ಚರ್ಮ ಸುಲಿದು, ಹೊಟ್ಟೆಯ ಬಿಳಿ ಕೊಬ್ಬನ್ನೂ ಬೆನ್ನಿನ ಮೇಲಿನ ಕೊಬ್ಬನ್ನೂ ಪಕ್ಕದ ಕಂದು ಪಟ್ಟಿಯನ್ನೂ ಕೆತ್ತಿ ತೆಗೆದರೆ ಪಿಸಿಬಿಯ ಒಳ್ಳೆಯ ಪಾಲು ಹೋಗುತ್ತದೆ, ಪಾದರಸ ಮಾತ್ರ ಹೋಗುವುದಿಲ್ಲ.

ಸಾರಿನ ಪ್ರಶ್ನೆಗೆ ನನ್ನ ಅಭಿಪ್ರಾಯ ಹೇಳುತ್ತೇನೆ, ಒಪ್ಪದವರು ಇರಬಹುದು. ಈ ಮೀನಿನಲ್ಲಿ ಎಣ್ಣೆಯಂಶ ಹೆಚ್ಚು. ಬಂಗುಡೆಗೆ ಮಾಡುವಂತೆ ಹುಳಿ ಮುಂದಾಗಿ ಮಾಡಿದರೆ ಹೊಂದುತ್ತದೆ, ತೆಂಗಿನಕಾಯಿ ಮುಂದಾದರೆ ಜಿಡ್ಡೆನಿಸುತ್ತದೆ. ಆರೋಗ್ಯದ ದೃಷ್ಟಿಯಿಂದ ಕರಗಿದ ಕೊಬ್ಬು ಸಾರಿನಲ್ಲೇ ಉಳಿಯುವುದಕ್ಕಿಂತ ತೊಟ್ಟಿಕ್ಕಿ ಹೋಗುವಂತೆ ಕೆಂಡದ ಮೇಲೆ ಸುಡುವುದೇ ಮೇಲು. ಹೊಳೆ ಸೇರಿ ಕಪ್ಪಾದ ಚಿನೂಕಿನ ಮಾಂಸ ಬಿಳಿಚಿ ಮೆತ್ತಗಾಗಿರುತ್ತದೆ, ಅದನ್ನು ಯಾವ ಮಸಾಲೆಯೂ ಉಳಿಸದು. ಬೆಳ್ಳಿಯಂತೆ ಹೊಳೆಯುವ ಮೀನನ್ನೇ ಇಟ್ಟುಕೊಂಡು, ಹಿಡಿದ ಕೂಡಲೇ ರಕ್ತ ಹರಿಸಿ ಮಂಜುಗಡ್ಡೆಯಲ್ಲಿ ಹುಗಿಯಲು ಮನೆಯವರಿಗೆ ಹೇಳಿ.

ನಮ್ಮ ಲಿಂಗನಮಕ್ಕಿ ಹಿನ್ನೀರಿಗೆ ಟ್ರೌಟ್ ಬಿಟ್ಟರೆ ಇಲ್ಲೂ ಹೀಗೆ ಮಾಡಬಹುದಲ್ಲವೇ?
(ಸಾಗರದ ಓದುಗರು)

ಬದುಕುವುದಿಲ್ಲ, ನೀರು ಬೆಚ್ಚಗೆ. ದಕ್ಷಿಣ ಭಾರತದಲ್ಲಿ ಟ್ರೌಟ್ ನೆಲೆಗೊಂಡದ್ದು ನೀಲಗಿರಿ, ಮುನ್ನಾರಿನಂಥ ಎತ್ತರದ ತಣ್ಣೀರಿನ ತೊರೆಗಳಲ್ಲಿ ಮಾತ್ರ. ಬದುಕುವಂತಿದ್ದರೂ ನಾನು ಬೇಡವೆನ್ನುತ್ತಿದ್ದೆ. ಕಾವೇರಿಗೆ ಸದುದ್ದೇಶದಿಂದಲೇ ಬೇರೆ ನದಿಮೂಲದ ನೀಲಿ ರೆಕ್ಕೆಯ ಮಹಶೀರ್ ಮರಿಗಳನ್ನು ವರ್ಷಗಟ್ಟಲೆ ಬಿಟ್ಟರು. ಆ ನದಿಗೇ ವಿಶಿಷ್ಟವಾದ ಡುಬ್ಬದ ಮಹಶೀರ್ 2018ರಲ್ಲಿ ತೀವ್ರ ಅಳಿವಿನಂಚಿನ ಮೀನುಗಳ ಪಟ್ಟಿ ಸೇರಿತು, ಅದರ ಅವನತಿಗೆ ಹೇಳುವ ಕಾರಣಗಳಲ್ಲಿ ಆ ಮರಿಗಳೂ ಒಂದು. ನಿಮ್ಮ ಹಿನ್ನೀರಿನಲ್ಲಿ ಈಗ ಯಾವ ಯಾವ ಮೀನು ಗಾಳಕ್ಕೆ ಬೀಳುತ್ತವೆ ಎಂದು ಬರೆದು ಕಳಿಸಿ, ಅವುಗಳ ಬಗ್ಗೆ ಮುಂದಿನ ತಿಂಗಳು ಮಾತಾಡೋಣ.