ಒಂದು ವಾರ ಪುಸ್ತಕ ಬದಿಗಿಟ್ಟು ಮಕ್ಕಳಿಂದ ಏನಾದ್ರೂ ಮಾಡಿಸಿ ಅಂದಿದ್ದಾರೆ. ಹೆಚ್ಚು ಖರ್ಚಿಲ್ಲದೆ ಏನು ಮಾಡಿಸಬಹುದು? ಪಾಠ ಹಿಂದೆ ಬೀಳಲ್ವಾ?

ಥರ್ಮಾಕೋಲ್ ಒಂದು ತರಿಸಬೇಡಿ, ಅರ್ಧ ಖರ್ಚು ಅಲ್ಲೇ ಉಳಿಯುತ್ತೆ. ಜ್ವಾಲಾಮುಖಿ, ಸೌರವ್ಯೂಹ ಅಂತ ಮಾದರಿ ಮಾಡಿಸಿದರೆ ರಾತ್ರಿ ಹನ್ನೊಂದರವರೆಗೆ ಕೂತು ಅಂಟಿಸೋರು ಅಪ್ಪ-ಅಮ್ಮ. ಮಗು ಬೆಳಿಗ್ಗೆ ಹೊತ್ತು ತರುತ್ತೆ, ಅಷ್ಟೇ.

ನಾನು ತುಮಕೂರು ಜಿಲ್ಲೆಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ ಗಣಿತ, ವಿಜ್ಞಾನ ತಗೊಳ್ತೀನಿ. ಮಕ್ಕಳು ಚಟುವಟಿಕೆ ಮಾಡ್ತಾ ಕಲಿಯೋಕೆ ಅಂತ ಸರ್ಕಾರಿ ಶಾಲೆಗಳಲ್ಲಿ ನಡೆಸಿದ 2023ರ ಕಲಿಕಾ ಹಬ್ಬದ ನೆನಪು ನಿಮಗೂ ಇರಬಹುದು: ಆಡು-ಹಾಡು, ಕಾಗದ-ಕತ್ತರಿ, ಮಾಡು-ಆಡು, ಊರು ತಿಳಿಯೋಣ ಅಂತ ಮೂಲೆಗಳಿದ್ವು. ನಾಲ್ಕರಲ್ಲಿ ಗಟ್ಟಿ ಅಂದ್ರೆ ನನ್ನ ಪ್ರಕಾರ ಊರು ತಿಳಿಯೋಣವೇ. ಚಟುವಟಿಕೆ ಆರಿಸುವಾಗ ನಾನು ನೋಡೋದು ಒಂದನ್ನೇ. ಉತ್ತರ ಸರಿಯೋ ತಪ್ಪೋ ಅಂತ ಮಕ್ಕಳು ನನ್ನ ಮುಖ ನೋಡೋ ಹಾಗಿರಬಾರದು, ಕೈಯಲ್ಲಿರೋ ವಸ್ತುವೇ ಹೇಳಬೇಕು.

ಮೊದಲಿಗೆ ನೆರಳು. ಅಂಗಳದಲ್ಲಿ ಬಿಸಿಲು ಬೀಳೋ ಮಟ್ಟಸ ಜಾಗದಲ್ಲಿ ಒಂದು ಕೋಲು ನಿಲ್ಲಿಸಿ. ನೆಟ್ಟಗಿದೆಯಾ ಅಂತ ನೋಡೋಕೆ ಗಾರೆ ಮೇಸ್ತ್ರಿಯ ತೂಗುಗುಂಡು ಕೇಳಿ ತನ್ನಿ, ಇಲ್ಲಾಂದ್ರೆ ದಾರಕ್ಕೆ ಕಲ್ಲು ಕಟ್ಟಿದರೂ ನಡೆಯುತ್ತೆ. ಹನ್ನೊಂದೂವರೆಯಿಂದ ಹತ್ತು ಹತ್ತು ನಿಮಿಷಕ್ಕೆ ನೆರಳಿನ ತುದಿಗೆ ಗುರುತು ಹಾಕಿಸಿ, ಉದ್ದ ಬರೆಸಿ. ಶುರು ಮಾಡೋ ಮುಂಚೆ, ನೆರಳು ಯಾವಾಗ ಅತಿ ಚಿಕ್ಕದಾಗುತ್ತೆ ಅಂತ ಕೇಳಿ. ಇಡೀ ತರಗತಿ ಹನ್ನೆರಡು ಗಂಟೆಗೆ ಅನ್ನುತ್ತೆ, ಕೆಲವು ಮೇಷ್ಟ್ರೂ ಅಂತಾರೆ. ನಾವು ಮಾಡಿದ್ದು ಫೆಬ್ರವರಿಯಲ್ಲಿ. ಹನ್ನೆರಡಾಯ್ತು, ನೆರಳು ಇನ್ನೂ ಕುಗ್ತಾನೇ ಇದೆ. ಹನ್ನೆರಡೂ ಇಪ್ಪತ್ತಾಯ್ತು, ಇನ್ನೂ ಕುಗ್ತಿದೆ. ಒಬ್ಬ ಹುಡುಗ ಓಡಿಹೋಗಿ ಹೆಡ್‌ಮಾಸ್ಟರ್ ಕೋಣೆಯ ಗಡಿಯಾರ ನೋಡಿಬಂದ. ಇನ್ನೊಬ್ಬಳಿಗೆ ಅದರ ಮೇಲೂ ನಂಬಿಕೆ ಇಲ್ಲ, ನನ್ನ ಮೊಬೈಲ್ ಕೇಳಿದಳು. ಹನ್ನೆರಡೂವರೆ ದಾಟಿದ ಮೇಲೆ ನೆರಳು ತಿರುಗಿ ಉದ್ದವಾಗತೊಡಗಿತು.

ಕಾರಣ ಆವತ್ತೇ ಹೇಳಬೇಡಿ, ಒಂದು ರಾತ್ರಿ ತಲೆ ಕೆಡಿಸಿಕೊಳ್ಳಲಿ. ಮರುದಿನ ಭೂಪಟ ಬಿಡಿಸಿ. ನಮ್ಮ ಗಡಿಯಾರ ನಡೆಯೋದು 82.5 ಡಿಗ್ರಿ ಪೂರ್ವ ರೇಖಾಂಶದ ಲೆಕ್ಕದಲ್ಲಿ, ನಾವಿರೋದು 77ರ ಹತ್ತಿರ. ಒಂದು ಡಿಗ್ರಿಗೆ 4 ನಿಮಿಷ ಅಂದ್ರೆ ನಮ್ಮ ನಡುಮಧ್ಯಾಹ್ನ ಇಪ್ಪತ್ತು ನಿಮಿಷದ ಮೇಲೆ ತಡ. ಭೂಮಿಯ ಅಕ್ಷ ಓರೆಯಾಗಿರೋದರಿಂದ, ಅದರ ಕಕ್ಷೆ ಪೂರ್ತಿ ದುಂಡಗಿಲ್ಲದ್ದರಿಂದ ಫೆಬ್ರವರಿಯಲ್ಲಿ ಇನ್ನೊಂದು 14 ನಿಮಿಷ ಸೇರಿಕೊಳ್ಳುತ್ತೆ. ಇದನ್ನೇ ನವೆಂಬರ್ ಮೊದಲ ವಾರದಲ್ಲಿ ಮಾಡಿದರೆ ಹನ್ನೆರಡೂ ಐದರ ಆಸುಪಾಸಿಗೇ ಮುಗಿಯುತ್ತೆ, ಮಜಾ ಇರಲ್ಲ. ನಡುಮಧ್ಯಾಹ್ನದ ಹೊತ್ತಿಗೆ ನೆರಳಿನ ಉದ್ದ ತೀರ ನಿಧಾನಕ್ಕೆ ಬದಲಾಗೋದರಿಂದ ಅತಿ ಚಿಕ್ಕದು ಯಾವುದು ಅಂತ ಜಗಳ ಗ್ಯಾರಂಟಿ. ಅದಕ್ಕೊಂದು ಉಪಾಯ ಇದೆ. ಕೋಲಿನ ಬುಡಕ್ಕೆ ದಾರ ಕಟ್ಟಿ, ಹನ್ನೊಂದೂವರೆಯ ನೆರಳಿನಷ್ಟು ಉದ್ದಕ್ಕೆ ಒಂದು ವೃತ್ತ ಎಳೆಸಿ. ಬಿಸಿಯೂಟ ಮುಗಿದ ಮೇಲೆ ನೆರಳು ಬೆಳೆದು ಮತ್ತೆ ಆ ವೃತ್ತ ಮುಟ್ಟುತ್ತೆ. ಎರಡೂ ಗುರುತುಗಳ ನಟ್ಟನಡುವೆ ಕೋಲಿನಿಂದ ಗೆರೆ ಎಳೆದರೆ ಅದೇ ಉತ್ತರ ದಿಕ್ಕು. ಹಳೇ ಜ್ಯೋತಿಷ ಗ್ರಂಥಗಳಲ್ಲಿ ಬರೋ ಶಂಕು ಅನ್ನೋ ನೆರಳಿನ ಕೋಲು ಇದೇ.

ಇನ್ನೊಂದು, ಊರಿನ ಹಾಲಿನ ಡೈರಿ. ಫ್ಯಾಟ್ ಎಷ್ಟು ಬಂತು, ಡಿಗ್ರಿ ಎಷ್ಟು ಬಂತು ಅನ್ನೋ ಮಾತು ನಮ್ಮ ಮಕ್ಕಳು ಮನೆಯಲ್ಲಿ ದಿನಾ ಕೇಳ್ತಾರೆ, ಹಾಲಿನ ದುಡ್ಡು ನಿಂತಿರೋದೇ ಅದರ ಮೇಲೆ. ಡೈರಿ ಕಾರ್ಯದರ್ಶಿ ಲ್ಯಾಕ್ಟೋಮೀಟರ್, ಅಂದ್ರೆ ಹಾಲಿನ ಸಾಂದ್ರತೆಯನ್ನು ಡಿಗ್ರಿಯಲ್ಲಿ ತೋರಿಸೋ ಗಾಜಿನ ಕೊಳವೆ, ಹಾಲಿಗೆ ಬಿಟ್ಟು ತೋರಿಸಿದರು, ಹಾಲಿಗೆ ನೀರು ಸೇರಿಸಿದಷ್ಟೂ ಅದು ಕೆಳಕ್ಕೆ ಇಳಿಯುತ್ತೆ. ಆಗ ಏಳನೇ ತರಗತಿಯ ಹುಡುಗಿಯೊಬ್ಬಳು ಕೇಳಿದಳು: "ಅಣ್ಣಾ, ಕೆನೆ ತೆಗೆದುಬಿಟ್ರೆ?" ಕೆನೆ ಹಗುರ, ಅದನ್ನು ತೆಗೆದರೆ ಉಳಿದ ಹಾಲಿನ ಸಾಂದ್ರತೆ ಹೆಚ್ಚಿ ಲ್ಯಾಕ್ಟೋಮೀಟರ್ ಮೇಲೆ ಬರುತ್ತೆ. ಅದಕ್ಕೆ ನೀರು ಬೆರೆಸಿದರೆ ಮತ್ತೆ ಸರಿಯಾದ ಜಾಗಕ್ಕೇ ಇಳಿಯುತ್ತೆ! ಕಾರ್ಯದರ್ಶಿ ನಕ್ಕು, "ಅದಕ್ಕೇ ಕಣಮ್ಮ ಫ್ಯಾಟ್ ಬೇರೆ ನೋಡೋದು" ಅಂದರು. ಸಾಂದ್ರತೆ ಪಾಠಕ್ಕೆ ಇದಕ್ಕಿಂತ ಒಳ್ಳೆ ಪೀಠಿಕೆ ನನಗಂತೂ ಸಿಕ್ಕಿಲ್ಲ. ಶಾಲೆಗೆ ಬಂದು ಸ್ಟ್ರಾ ತುದಿಗೆ ಜೇಡಿಮಣ್ಣು ಮೆತ್ತಿ ತಮ್ಮದೇ ಮೀಟರ್ ಮಾಡಿಕೊಂಡರು, ಉಪ್ಪುನೀರು, ಸಿಹಿನೀರು ಎರಡರಲ್ಲೂ ಬಿಟ್ಟು ಗೆರೆ ಹಾಕಿದರು.

ಮಕ್ಕಳ ಸಂತೆ ಬೇಕಾದ್ರೆ ಮಾಡಿಸಿ, ಆದರೆ ತಕ್ಕಡಿ, ಚಿಲ್ಲರೆ, ಲೆಕ್ಕದ ಪುಸ್ತಕ ಮೂರೂ ಮಕ್ಕಳ ಕೈಯಲ್ಲೇ ಇರಲಿ. ಎಲೆಕ್ಟ್ರಾನಿಕ್ ತಕ್ಕಡಿ ಬೇಡ, ಮುಕ್ಕಾಲು ಕೆ.ಜಿ.ಗೆ ಯಾವ ಯಾವ ಬಟ್ಟು ಹಾಕಬೇಕು ಅನ್ನೋದೇ ಅಲ್ಲಿ ಲೆಕ್ಕ.

ಪಾಠದ ವಿಷಯಕ್ಕೆ ಬಂದರೆ, ಹಿಂದೆ ಬೀಳುತ್ತೆ, ಬೀಳಲ್ಲ ಅಂತ ಸುಳ್ಳು ಹೇಳಲ್ಲ. ಆದರೆ ದಶಮಾಂಶ, ನಕ್ಷೆ, ಕೋನ, ರೇಖಾಂಶ ಎಲ್ಲ ಈ ವಾರದಲ್ಲೇ ಬಂದುಹೋಗುತ್ತೆ, ಆ ಅಧ್ಯಾಯಗಳಿಗೆ ಬಂದಾಗ ಬೇಗ ಓಡಿಸಬಹುದು. ಯಾರಾದ್ರೂ ಆಕ್ಷೇಪಿಸಿದರೆ, 6ರಿಂದ 8ನೇ ತರಗತಿಯವರಿಗೆ 10 ದಿನ ಬ್ಯಾಗ್ ಇಲ್ಲದೆ ಕಲಿಸಿ ಅಂತ 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲೇ ಇದೆ ಅನ್ನಿ. ಮಧ್ಯಪ್ರದೇಶದ ಹೋಶಂಗಾಬಾದ್‌ನಲ್ಲಿ 1972ರಲ್ಲಿ 16 ಶಾಲೆಗಳಿಂದ ಶುರುವಾದ ವಿಜ್ಞಾನ ಕಾರ್ಯಕ್ರಮ 2002ರವರೆಗೂ ಪ್ರಯೋಗದ ಮೇಲೇ ನಡೀತು, ಪರೀಕ್ಷೆಯಲ್ಲೂ ಪುಸ್ತಕ ತೆರೆದಿಟ್ಟುಕೊಳ್ಳೋಕೆ ಬಿಡ್ತಿದ್ರು. ನಮಗೆ ಅಷ್ಟು ಸ್ವಾತಂತ್ರ್ಯ ಎಲ್ಲಿ ಬಂತು, ಒಂದು ವಾರ ಸಿಕ್ಕಿರೋದೇ ಹೆಚ್ಚು.

ದಿನಕ್ಕೆ ಐದಾರು ಚಟುವಟಿಕೆ ತುರುಕಬೇಡಿ, ವಾರಕ್ಕೆ ಮೂರು ಸಾಕು. ಡೈರಿಗೆ ಹೋಗೋದಾದ್ರೆ ಹಿಂದಿನ ದಿನವೇ ಕಾರ್ಯದರ್ಶಿಗೆ ಹೇಳಿಡಿ, ಹಾಲು ಹಾಕೋರ ಸಾಲು ಕರಗಿದ ಮೇಲೆ ಹೋಗಿ. ಲ್ಯಾಕ್ಟೋಮೀಟರ್ ಗಾಜಿನದ್ದು, ಒಡೆದರೆ ದುಡ್ಡು ನೀವೇ ಕೊಡಬೇಕಾಗುತ್ತೆ.