ಆಪ್ತಸಲಹೆ ಪ್ರಕರಣ: ಹಲ್ಲು ಕಿತ್ತಾಯಿತು, ಉರಿ ಹೋಗಲಿಲ್ಲ

(ಇದನ್ನು ಬರೆಯಲು ಅವರ ಒಪ್ಪಿಗೆ ಇದೆ. ಗುರುತು ಸಿಗಬಾರದೆಂದು ಊರು, ವಯಸ್ಸು, ಮನೆಯ ಕೆಲವು ವಿವರ ಬದಲಿಸಿದ್ದೇನೆ. ಇಲ್ಲಿ ಅವರನ್ನು ಟೀಚರ್ ಎಂದೇ ಕರೆಯುತ್ತೇನೆ.)

ಟೀಚರ್ ಬಂದದ್ದು ಒಂದು ಚೀಟಿ ಹಿಡಿದುಕೊಂಡು. ಹಲ್ಲಿನಲ್ಲಿ ಏನೂ ತೊಂದರೆ ಕಾಣುತ್ತಿಲ್ಲ, ಆಪ್ತಸಲಹೆ ಬೇಕು ಎಂದು ಅದರಲ್ಲಿತ್ತು. ಕೂರುವ ಮೊದಲೇ ಕೇಳಿದರು: "ಮೇಡಂ, ಆ ಫ್ಯಾನ್ ಆಫ್ ಮಾಡ್ತೀರಾ?" ಏಪ್ರಿಲ್ ಬಿಸಿಲು. ಸೆರಗನ್ನು ಎಡಗೆನ್ನೆಯ ಹತ್ತಿರ ಅಡ್ಡ ಹಿಡಿದಿದ್ದರು, ಆದರೆ ಬಟ್ಟೆ ಚರ್ಮಕ್ಕೆ ತಾಗದಂತೆ ಒಂದಿಂಚು ದೂರದಲ್ಲಿ. ಫ್ಯಾನ್ ನಿಂತ ಮೇಲೆ ಸೆರಗು ಇಳಿಸಿ, "ನನಗೆ ತಲೆ ಕೆಟ್ಟಿಲ್ಲ, ನೋವಿದೆ" ಅಂದರು.

ವಯಸ್ಸು 46. ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಕೆಲಸ. ಗಂಡ ಲೈನ್‌ಮನ್, ಮನೆಯಲ್ಲಿ ಅತ್ತೆ, ಪಿಯುಸಿ ಓದುವ ಮಗ. ಎಂಟು ತಿಂಗಳ ಹಿಂದೆ ಎಡಗಡೆ ಕೆಳದವಡೆಯ ಕೊನೆಯ ಹಲ್ಲು, ವಿಸ್ಡಮ್ ಟೂತ್ ಅಂತೀವಲ್ಲ, ಅಡ್ಡ ಬೆಳೆದು ವಸಡು ಪದೇಪದೇ ಊದುತ್ತಿತ್ತು. ತೆಗೆಸಿದರು. ಇಂಜೆಕ್ಷನ್ನಿನ ಜೋಮು ಸಂಜೆಗೆ ಇಳಿಯಬೇಕಿತ್ತು. ಕೆಳತುಟಿಯ ಎಡಭಾಗ ಮತ್ತು ಗದ್ದದಲ್ಲಿ ಇಳಿಯಲೇ ಇಲ್ಲ. ಎರಡು ವಾರ ಕಳೆದ ಮೇಲೆ ಆ ಜೋಮಿನ ಜಾಗದಲ್ಲೇ ಉರಿ ಶುರುವಾಯಿತು. ಮುಖ ಒರೆಸಿದರೆ ಉರಿ, ಹೆಲ್ಮೆಟ್ಟಿನ ಪಟ್ಟಿ ತಾಗಿದರೆ ಉರಿ, ಪಾಠ ಮಾಡಿ ಮಾಡಿ ಮಧ್ಯಾಹ್ನದ ಹೊತ್ತಿಗೆ ಮೆಣಸಿನಪುಡಿ ಮೆತ್ತಿದಷ್ಟು ಉರಿ.

ಆಮೇಲೆ ನಡೆದದ್ದು ಇಂಥ ಬಹಳ ಜನರಿಗೆ ನಡೆಯುವುದೇ. ಪಕ್ಕದ ಹಲ್ಲಿನದ್ದಿರಬಹುದು ಎಂದು ಅದಕ್ಕೆ ರೂಟ್ ಕೆನಾಲ್ ಆಯಿತು. ಕಡಿಮೆಯಾಗಲಿಲ್ಲ, ಇನ್ನೊಂದು ಕಡೆ ಹೋಗಿ ಆ ಹಲ್ಲನ್ನೂ ಕೀಳಿಸಿದರು. ಉರಿ ಜಾಸ್ತಿಯಾಯಿತು. ಮೂರನೆಯ ಹಲ್ಲನ್ನೂ ತೆಗೆದುಬಿಡಿ ಎಂದು ಟೀಚರ್ ತಾವೇ ಕೈಮುಗಿದು ಕೇಳಿಕೊಂಡರಂತೆ. ಆಗ ಸಿಕ್ಕಿದ್ದು ಈ ಚೀಟಿ. ಹಲ್ಲು ತೆಗೆಯದೆ ಕಳಿಸಿದ ಆ ಡಾಕ್ಟರ ಬಗ್ಗೆ ಟೀಚರ್‌ಗೆ ಕೋಪವಿತ್ತು. ನನಗೆ ಗೌರವ ಬಂತು, ಆ ಚೀಟಿಯ ಒಕ್ಕಣೆ ಇಷ್ಟವಾಗದಿದ್ದರೂ.

ಒಂದು ಖಾಲಿ ಹಾಳೆಯಲ್ಲಿ ಮುಖದ ಆಕಾರ ಬರೆದು ಪೆನ್ಸಿಲ್ ಕೊಟ್ಟೆ. ನೋವಿರುವ ಜಾಗ ತುಂಬಿ ಅಂದೆ. ಕಪ್ಪು ಹಲಗೆಗೆ ಬರೆಯುವವರ ಕೈ, ಅಚ್ಚುಕಟ್ಟಾಗಿ ತುಂಬಿದರು. ಗೆರೆ ಕೆಳತುಟಿಯ ನಡುಮಧ್ಯದಲ್ಲಿ ನಿಂತಿತು. ಬಲಕ್ಕೆ ಒಂದು ಎಳೆಯೂ ದಾಟಲಿಲ್ಲ. ಕೆಳಗೆ ಗದ್ದದ ತುದಿಗೆ ಮುಗಿಯಿತು. ಜೋಮಿಗೆ ಚುಕ್ಕಿ ಇಡಿ ಅಂದಾಗ ಚುಕ್ಕಿಗಳೆಲ್ಲ ಅದೇ ಬೇಲಿಯೊಳಗೆ ಬಿದ್ದವು.

ನಾನು ಡಾಕ್ಟರಲ್ಲ, ರೋಗ ಇದೇ ಎಂದು ಹೇಳುವುದು ನನ್ನ ಕೆಲಸವೂ ಅಲ್ಲ. ಆದರೆ ಕೆಳದವಡೆಯ ಮೂಳೆಯೊಳಗೆ ಒಂದು ನರ ಹಾದುಹೋಗುತ್ತದೆ, ವಿಸ್ಡಮ್ ಟೂತಿನ ಬೇರು ಕೆಲವರಲ್ಲಿ ಅದಕ್ಕೆ ಅಂಟಿಕೊಂಡಂತೇ ಇರುತ್ತದೆ. ಆ ನರ ಮುಂದೆ ಬಂದು ಆ ಬದಿಯ ಕೆಳತುಟಿಗೆ, ಗದ್ದಕ್ಕೆ ಸ್ಪರ್ಶ ಕೊಡುತ್ತದೆ. ಟೀಚರ್ ಬರೆದದ್ದು ಸರಿಯಾಗಿ ಅದರ ಸರಹದ್ದು. ಮನಸ್ಸಿನ ಒತ್ತಡ ಇಷ್ಟು ಲೆಕ್ಕಾಚಾರವಾಗಿ ಗೆರೆ ಹಾಕಿಕೊಂಡು ಕೂರುವುದಿಲ್ಲ, ಅಲ್ವಾ?

ಹೀಗಾಗಿ ನನ್ನ ಮೊದಲ ಸಲಹೆ ಹಲ್ಲಿನ ಬಗ್ಗೆಯೇ ಇತ್ತು: ನರ ಗೊತ್ತಿರುವವರು ನೋಡುವ ತನಕ ಇನ್ನೊಂದು ಹಲ್ಲು ಮುಟ್ಟಿಸಬೇಡಿ. ಪೆಟ್ಟಾದ ನರದ ಪಕ್ಕದಲ್ಲಿ ಮತ್ತೆ ಮತ್ತೆ ಕೊರೆದರೆ ನೋವು ಹೆಚ್ಚುವ ಸಾಧ್ಯತೆಯೇ ಜಾಸ್ತಿ. ಡೆಂಟಲ್ ಕಾಲೇಜುಗಳಲ್ಲಿ ಬಾಯಿಯ ಕಾಯಿಲೆ, ನೋವು ನೋಡಲು ಓರಲ್ ಮೆಡಿಸಿನ್ ಅಂತ ಬೇರೆ ವಿಭಾಗ ಇರುತ್ತದೆ, ದವಡೆಯ ಸರ್ಜನ್ನರೂ ಇರುತ್ತಾರೆ. ಬೆಂಗಳೂರಿನಲ್ಲಿ ವಿಕ್ಟೋರಿಯಾ ಆಸ್ಪತ್ರೆಯ ಹತ್ತಿರ ಸರ್ಕಾರಿ ಡೆಂಟಲ್ ಕಾಲೇಜಿದೆ. ನರರೋಗಕ್ಕೆ ನಿಮ್ಹಾನ್ಸ್ ಇದೆ. ಆ ಚಿತ್ರದ ಜೊತೆ ಒಂದು ಪುಟದ ಪತ್ರ ಬರೆದು ಕೊಟ್ಟೆ: ಯಾವ ದಿನ ಯಾವ ಹಲ್ಲು ತೆಗೆದರು, ಜೋಮು ಯಾವತ್ತಿನಿಂದ, ಉರಿ ಯಾವತ್ತಿನಿಂದ, ಯಾವ ಮಾತ್ರೆ ಎಷ್ಟು ದಿನ. "ಬಹಳ ನೋವು ಡಾಕ್ಟ್ರೇ" ಎಂದರೆ ಅವರಿಗೆ ಏನೂ ತಿಳಿಯುವುದಿಲ್ಲ. ಕೆಲವೇ ಸೆಕೆಂಡು ಕರೆಂಟ್ ಹೊಡೆದ ಹಾಗೆ ಬಂದು ಹೋಗುವ ನೋವು ಬೇರೆ, ಅದು ಟ್ರೈಜೆಮಿನಲ್ ನ್ಯೂರಾಲ್ಜಿಯಾ ಎನ್ನುವ ಮುಖದ ನರದ ನೋವಿರಬಹುದು, ಅದರ ಮಾತ್ರೆಯೂ ಬೇರೆ. ಜೋಮಿನ ಜೊತೆ ಸದಾ ಇರುವ ಉರಿ ಬೇರೆ. ಕಚ್ಚಿದರೆ, ಬಿಸಿ ತಾಗಿದರೆ ಒಂದೇ ಹಲ್ಲು ಮಿಡಿಯುವುದು ಹಲ್ಲಿನದೇ ನೋವಿರಬಹುದು.

ಪರೀಕ್ಷೆಯಾಯಿತು. ಹತ್ತಿಯ ಎಳೆ, ಚುಚ್ಚುವ ತುದಿ ಇಟ್ಟು ಎರಡೂ ಬದಿ ಹೋಲಿಸಿದರು, ಸ್ಕ್ಯಾನ್ ಮಾಡಿಸಿದರು. ಹಲ್ಲು ತೆಗೆಯುವಾಗ ನರಕ್ಕೆ ಆದ ಪೆಟ್ಟಿನ ನೋವು ಎಂದರು. ಟೀಚರ್ ಆ ಕಾಗದ ಹಿಡಿದುಕೊಂಡು ಬಂದು ನನ್ನೆದುರು ಅತ್ತರು. ನೋವು ಒಂದಿಷ್ಟೂ ಇಳಿದಿರಲಿಲ್ಲ, ಆದರೂ ಅದು ಸಮಾಧಾನದ ಅಳು.

ಮಾತ್ರೆಯ ಕಥೆ ಸ್ವಲ್ಪ ವಿವರವಾಗಿ ಹೇಳಬೇಕು, ಬಹಳ ಜನ ಎಡವುವುದು ಇಲ್ಲೇ. ರಾತ್ರಿಗೆ 10 ಮಿಲಿಗ್ರಾಂ ಅಮಿಟ್ರಿಪ್ಟಿಲಿನ್ ಬರೆದಿದ್ದರು. ಮೆಡಿಕಲ್ ಶಾಪಿನ ಹುಡುಗ ಮಾತ್ರೆ ಕೊಡುತ್ತಾ, "ಇದು ಡಿಪ್ರೆಶನ್‌ದು ಆಂಟಿ" ಅಂದ. ಅತ್ತೆ ಕೇಳಿಸಿಕೊಂಡರು. ಹುಚ್ಚಿನ ಮಾತ್ರೆ ಎಂದು ಮನೆಯಲ್ಲಿ ಗುಸುಗುಸು. ಟೀಚರ್ ನಾಲ್ಕೇ ದಿನಕ್ಕೆ ನಿಲ್ಲಿಸಿ, ಮತ್ತೆ ಡೈಕ್ಲೋಫೆನಾಕ್ ಎಂಬ ನೋವಿನ ಮಾತ್ರೆ ನುಂಗತೊಡಗಿದರು. ನರದ ಉರಿಗೆ ಅದು ಅಷ್ಟಾಗಿ ಕೆಲಸ ಮಾಡುವುದಿಲ್ಲ, ದಿನವೂ ನುಂಗಿದರೆ ಹೊಟ್ಟೆಗೂ ಕಿಡ್ನಿಗೂ ಕೆಟ್ಟದ್ದು. ಖಿನ್ನತೆಗೆ ಕೊಡುವಾಗ ಅಮಿಟ್ರಿಪ್ಟಿಲಿನ್ ಡೋಸು ಸಾಮಾನ್ಯವಾಗಿ ಇದಕ್ಕಿಂತ ಎಷ್ಟೋ ಜಾಸ್ತಿ. ಇಷ್ಟು ಕಡಿಮೆ ಡೋಸು ನರದ ನೋವಿಗೆಂದೇ ಕೊಡುತ್ತಾರೆ. ಗ್ಯಾಬಪೆಂಟಿನ್, ಪ್ರಿಗ್ಯಾಬಲಿನ್ ಕೂಡ ಇದೇ ಸಾಲಿನವು. ಗುಣ ಕಾಣಲು ವಾರಗಳು ಬೇಕು. ನಿದ್ದೆಮಂಪರು, ಬಾಯಿ ಒಣಗುವುದು ಮೊದಲೇ ಕಾಣುತ್ತದೆ. ಅಂದರೆ ತೊಂದರೆ ಮೊದಲು, ಲಾಭ ಆಮೇಲೆ. ಇದನ್ನು ಮುಂಚೆಯೇ ಹೇಳದಿದ್ದರೆ ಯಾರು ತಾನೇ ಮುಂದುವರಿಸುತ್ತಾರೆ? ಡಾಕ್ಟರಿಗೆ ಫೋನ್ ಮಾಡಿ ಕೇಳಿ ಮತ್ತೆ ಶುರು ಮಾಡಿದರು. ಸುಮ್ನೆ ನೀವಾಗಿಯೇ ನಿಲ್ಲಿಸಬೇಡಿ, ಹೆಚ್ಚಿಸಲೂ ಬೇಡಿ ಎಂದಷ್ಟೇ ನಾನು ಹೇಳಿದ್ದು.

ಗಂಡನನ್ನು ಕರೆಸಿದೆ. ಆತ ಕೆಟ್ಟವನಲ್ಲ, ಸುಸ್ತಾಗಿದ್ದ. "ಎರಡು ಹಲ್ಲು ತೆಗೆಸಿದೆ ಮೇಡಂ, ಇಲ್ಲದಿರೋ ಹಲ್ಲು ಹೆಂಗೆ ನೋಯುತ್ತೆ?" ಎಂದು ಕೇಳಿದರು. ನರದ ಚಿತ್ರ ತೋರಿಸಿದೆ. ಸ್ವಲ್ಪ ಹೊತ್ತು ನೋಡಿ, "ಅಂದ್ರೆ ಮನೆ ಒಳಗಿನ ಬಲ್ಬ್ ಬದಲಾಯಿಸ್ತಾ ಕೂತಿದ್ವಿ, ಫಾಲ್ಟ್ ಇರೋದು ಲೈನಲ್ಲಿ" ಅಂದರು. ಇದಕ್ಕಿಂತ ಚೆನ್ನಾಗಿ ನನಗೂ ಹೇಳಲು ಬರುತ್ತಿರಲಿಲ್ಲ.

ಮನೆಯವರ ಜೊತೆ ಮಾಡಿಕೊಂಡ ಒಪ್ಪಂದ ಸಣ್ಣದು. "ಈಗ ಹೇಗಿದೆ?" ಎಂದು ಗಂಟೆಗೊಮ್ಮೆ ಕೇಳುವುದು ನಿಲ್ಲಬೇಕು, ರಾತ್ರಿ ಊಟ ಆದ ಮೇಲೆ ಒಂದು ಸಲ ಕೇಳಿದರೆ ಸಾಕು. "ಧೈರ್ಯ ತಗೋ" ಎನ್ನುವುದು ಬೇಡ, ಎಂಟು ತಿಂಗಳಿಂದ ಅವರು ತಗೊಂಡಿದ್ದು ಅದನ್ನೇ. ಅತ್ತೆ ಪ್ರೀತಿಯಿಂದಲೇ ಲವಂಗದ ಎಣ್ಣೆ ಹಚ್ಚುತ್ತಿದ್ದರು, ಜೋಮಿನ ಜಾಗ ಸುಟ್ಟದ್ದು ಟೀಚರ್‌ಗೆ ಗೊತ್ತಾಗದೆ ಒಳತುಟಿ ಬೊಬ್ಬೆ ಬಂದಿತ್ತು. ಎಣ್ಣೆ, ಬಿಸಿ ಶಾಖ ಎರಡೂ ನಿಂತವು. ಅತ್ತೆಗೆ ಬೇರೆ ಕೆಲಸ ಬೇಕಲ್ಲ, ಊಟದ ಜವಾಬ್ದಾರಿ ವಹಿಸಿದೆವು. ಟೀಚರ್ ತಿಂಗಳಿಂದ ಗಂಜಿ, ಬ್ರೆಡ್ಡು ಎನ್ನುತ್ತಾ ಇಳಿದುಹೋಗಿದ್ದರು. ಅಜ್ಜಿ ಒಂದೇ ಮಾತಿನಲ್ಲಿ ಪರಿಹರಿಸಿದರು: "ಮುದ್ದೆ ಯಾರವ್ವಾ ಅಗೀತಾರೆ? ನುಂಗೋದಲ್ವಾ?" ಉಗುರುಬೆಚ್ಚಗಿನ ಸಾರು, ಮೆತ್ತಗಿನ ಮುದ್ದೆ. ಅಂದಿನಿಂದ ತೂಕ ಇಳಿಯುವುದು ನಿಂತಿತು.

ಮಕ್ಕಳ ಮೆತ್ತನೆಯ ಬ್ರಷ್. ಸ್ಕೂಟರಿನ ಹಿಂದೆ ಕೂರುವಾಗ ಗಾಜು ಇಳಿಸುವ ಹೆಲ್ಮೆಟ್, ಪಟ್ಟಿಗೆ ಹಳೆ ರೇಷ್ಮೆ ಬಟ್ಟೆಯ ಸುತ್ತು. ಹೆಡ್‌ಮಾಸ್ಟರಿಗೆ ವಿಷಯ ಹೇಳಿ, ಓದಿಸುವ ತರಗತಿಗಳನ್ನು ಬೆಳಿಗ್ಗೆಗೆ, ಬರೆಸುವ ತರಗತಿಗಳನ್ನು ಮಧ್ಯಾಹ್ನಕ್ಕೆ ಬದಲಿಸಿಕೊಂಡರು. ಇಂಥವು ಔಷಧಿಯಲ್ಲ, ಆದರೆ ದಿನ ಸಾಗುತ್ತದೆ.

ಇನ್ನೊಂದು ಮಾತು ನೇರವಾಗಿ ಕೇಳಲೇಬೇಕಿತ್ತು. ಮಗ ಫೋನಿನಲ್ಲಿ ಎಲ್ಲೋ ಓದಿ, ಮುಖದ ನರದ ನೋವಿಗೆ 'ಆತ್ಮಹತ್ಯೆಯ ಕಾಯಿಲೆ' ಎನ್ನುತ್ತಾರಂತೆ ಎಂದು ಅಮ್ಮನಿಗೇ ಹೇಳಿದ್ದ. ಈ ಹೆಸರಿಟ್ಟು ಬರೆಯುವವರ ಮೇಲೆ ನನಗೆ ಸಿಟ್ಟಿದೆ. ನೋವಿನಲ್ಲಿರುವವರು ಓದುತ್ತಾರೆ ಎಂಬ ಪರಿವೆಯೂ ಬೇಡವೇ? ಚಿಕಿತ್ಸೆ ಇರುವ ನೋವು ಇದು. ಟೀಚರ್‌ಗೆ ಕೇಳಿದೆ: "ಬದುಕೇ ಬೇಡ ಅನ್ನಿಸಿದೆಯಾ?" ತಲೆ ತಗ್ಗಿಸಿ, ರಾತ್ರಿ ಹೊತ್ತು ಅನ್ನಿಸುತ್ತೆ ಅಂದರು. ಕೇಳಿದ್ದರಿಂದ ಆ ಯೋಚನೆ ಹೆಚ್ಚುವುದಿಲ್ಲ. ಹೇಳಿಕೊಳ್ಳಲು ಒಂದು ಜಾಗ ಸಿಗುತ್ತದೆ. ಅವರ ಒಪ್ಪಿಗೆ ಪಡೆದು ಗಂಡನಿಗೆ ತಿಳಿಸಿದೆ. ಮನೋವೈದ್ಯರಿಗೂ ತೋರಿಸಿದರು. ಮಾತ್ರೆಗಳು ಗಂಡನ ಕೈಲಿ, ದಿನದ್ದು ದಿನಕ್ಕೆ. ಆ ಯೋಚನೆ ಬಂದ ರಾತ್ರಿ ತಂಗಿಗೆ ಫೋನ್, ಅವಳು ಎತ್ತದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416. ದಿನದ ಯಾವ ಹೊತ್ತಿಗಾದರೂ ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ. ಒಂದು ಸಲ ಮಾಡಿದರು ಕೂಡ.

ಮೊದಲು ಹಲ್ಲು ತೆಗೆದವರ ಮೇಲೆ ಕೇಸು ಹಾಕಬೇಕೆಂದು ಗಂಡನ ಹಟ. ಎಷ್ಟೇ ಜಾಗರೂಕರಾಗಿ ತೆಗೆದರೂ ಈ ನರಕ್ಕೆ ಪೆಟ್ಟಾಗುವುದುಂಟು. ಎಷ್ಟೋ ಜನರಿಗೆ ಜೋಮು ತಿಂಗಳುಗಳಲ್ಲಿ ಹೋಗುತ್ತದೆ, ಈ ಹಲ್ಲು ತೆಗೆಸಿದವರಲ್ಲಿ ಅದು ಉಳಿದುಬಿಡುವುದು ನೂರಕ್ಕೆ ಒಬ್ಬರಿಗಿಂತ ಕಡಿಮೆ. ಹಾಗಾಗಿ ಪೆಟ್ಟಾಯಿತು ಎಂಬುದೊಂದೇ ತಪ್ಪಾಗುವುದಿಲ್ಲ. ಮುಂಚೆ ಎಕ್ಸ್‌ರೇ ನೋಡಿದ್ದರೇ, ಅಪಾಯ ತಿಳಿಸಿ ಸಹಿ ಪಡೆದಿದ್ದರೇ, ಜೋಮು ಎಂದಾಗ ಕಿವಿಗೊಟ್ಟರೇ ಎನ್ನುವುದು ಪ್ರಶ್ನೆ. ದಾಖಲೆಗಳ ನಕಲು ಕೇಳಿ ಪಡೆಯಿರಿ, ವಕೀಲರಿಗೆ ತೋರಿಸಿ, ಗ್ರಾಹಕ ಆಯೋಗಕ್ಕೆ ಹೋಗುವುದಾದರೆ 2 ವರ್ಷದ ಗಡುವಿದೆ ಎಂದೆ. ಚಿಕಿತ್ಸೆಯ ಫೈಲು ಬೇರೆ, ಕೇಸಿನ ಫೈಲು ಬೇರೆ ಇರಲಿ ಎಂದೂ ಹೇಳಿದೆ. ನಕಲು ತಂದಿದ್ದಾರೆ, ಮುಂದೇನು ಎಂದು ಇನ್ನೂ ತೀರ್ಮಾನಿಸಿಲ್ಲ.

ಓದುವವರಲ್ಲಿ ಯಾರಾದರೂ ಮೊನ್ನೆಮೊನ್ನೆ ಹಲ್ಲು ತೆಗೆಸಿದ್ದರೆ ಗಾಬರಿಯಾಗಬೇಡಿ. ಮೂರು ನಾಲ್ಕನೇ ದಿನಕ್ಕೆ ಜೋರು ನೋವು ಬಂದರೆ ಅದು ಬಹುತೇಕ ಗುಳಿ ಒಣಗಿದ್ದು, ಡ್ರೈ ಸಾಕೆಟ್. ಹಲ್ಲಿನ ಡಾಕ್ಟರು ತೊಳೆದು ಔಷಧಿ ಇಟ್ಟರೆ ಇಳಿಯುತ್ತದೆ. ಊತ, ಜ್ವರ, ಬಾಯಿ ತೆರೆಯಲು ಅಥವಾ ನುಂಗಲು ಆಗದಿದ್ದರೆ ಅದೇ ದಿನ ಓಡಿ. ಇಂಪ್ಲಾಂಟ್ (ಕೃತಕ ಹಲ್ಲಿಗೆಂದು ದವಡೆಯಲ್ಲಿ ಕೂರಿಸುವ ತಿರುಪು) ಹಾಕಿಸಿಕೊಂಡು ಇಂಜೆಕ್ಷನ್ನಿನ ಅವಧಿ ಮುಗಿದರೂ ತುಟಿಯ ಜೋಮು ಇಳಿಯದಿದ್ದರೆ ಆವತ್ತೇ ಫೋನ್ ಮಾಡಿ, ನೋಡೋಣ ಎಂದು ವಾರ ಕಾಯಬೇಡಿ. ನಡೆದಾಗ ದವಡೆ ನೋವು, ಬೆವರು ಬಂದರೆ ಅದು ಹೃದಯದ್ದಿರಬಹುದು, ತಡಮಾಡದೆ ಆಸ್ಪತ್ರೆಗೆ ಹೋಗಿ ತೋರಿಸಿ.

ಟೀಚರ್‌ಗೆ ಉರಿ ಪೂರ್ತಿ ಹೋಗಿಲ್ಲ. ಮೊದಲು ಹತ್ತಕ್ಕೆ ಒಂಬತ್ತು ಎನ್ನುತ್ತಿದ್ದವರು ಈಗ ನಾಲ್ಕು ಎನ್ನುತ್ತಾರೆ, ಚಳಿಗಾಳಿಯ ದಿನ ಆರು. ಜೋಮು ಹಾಗೇ ಇದೆ. ರಾತ್ರಿ ನಿದ್ದೆ ಬರುತ್ತದೆ. ಕಳೆದ ಸಲ ಬಂದಾಗ ಬಲಗಡೆಯೂ ಅಂಥದೇ ಅಡ್ಡ ಹಲ್ಲು ಇದೆ, ಏನು ಮಾಡಲಿ ಎಂದು ಕೇಳಿದರು. ತೊಂದರೆ ಕೊಡುತ್ತಿದೆಯಾ? ಇಲ್ಲ. ಹಾಗಿದ್ದರೆ ತೆಗೆಸಲು ಅವಸರ ಏನು? ಮುಂದೆ ತೊಂದರೆ ಕೊಟ್ಟರೆ, ಎಡಗಡೆ ಆದದ್ದನ್ನು ಸರ್ಜನ್ನರಿಗೆ ಮೊದಲೇ ಹೇಳಿ, ನರ ಎಷ್ಟು ಹತ್ತಿರವಿದೆ ಎಂದು ದವಡೆಯನ್ನು ಮೂರು ಆಯಾಮದಲ್ಲಿ ತೋರಿಸುವ ಸಿಬಿಸಿಟಿ ಸ್ಕ್ಯಾನಿನಲ್ಲಿ ನೋಡಲು ಕೇಳಿ. ಬೇರನ್ನು ಅಲ್ಲೇ ಬಿಟ್ಟು ಮೇಲಿನ ಭಾಗ ಮಾತ್ರ ತೆಗೆಯುವ ವಿಧಾನವೂ ಇದೆ, ನಿಮಗೆ ಆಗುತ್ತದೆಯೇ ಎಂದು ವಿಚಾರಿಸಿ ಅಂದೆ. ಡೈರಿ ತೆಗೆದು ಬರೆದುಕೊಂಡರು.