ಎರಡು ಹುಟ್ಟು, ಒಂದು ಹುಟ್ಟು

ಪ್ರಶ್ನೆ: ಹಲಸೂರು ಕೆರೆಯ ದಂಡೆಯಲ್ಲಿ ಬೆಳಗಿನ ಹೊತ್ತು ನಡೆಯುವಾಗ ಉದ್ದನೆಯ ಸಪೂರ ದೋಣಿಗಳನ್ನು ಕಂಡಿದ್ದೇನೆ. ಕೆಲವರ ಕೈಯಲ್ಲಿ ಎರಡು ಹುಟ್ಟು, ಕೆಲವರಿಗೆ ಒಂದೇ ಹುಟ್ಟು. ಈ ವ್ಯತ್ಯಾಸವೇಕೆ? ಪಂದ್ಯದಲ್ಲಿ ಯಾವ ದೋಣಿ ಹೆಚ್ಚು ಕಠಿಣ? ಕಾಲೇಜಿನಲ್ಲಿ ಓದುತ್ತಿರುವ ನನ್ನ ಮಗಳು ಇದನ್ನು ಕಲಿಯಬೇಕೆಂದಿದ್ದಾಳೆ.
– ಓದುಗರೊಬ್ಬರು, ಇಂದಿರಾನಗರ, ಬೆಂಗಳೂರು

ಉತ್ತರ: ನೀವು ಕಂಡದ್ದು ರೋಯಿಂಗ್ ಎಂಬ ದೋಣಿ ಪಂದ್ಯದ ಆಟ. ಅದರಲ್ಲಿ ಒಂದೊಂದು ಕೈಗೂ ಒಂದೊಂದು ಹುಟ್ಟಿದ್ದರೆ ಅದು ಸ್ಕಲ್ಲಿಂಗ್, ಎರಡೂ ಕೈಗಳಿಂದ ಒಂದೇ ಉದ್ದನೆಯ ಹುಟ್ಟನ್ನು ಎಳೆದರೆ ಅದು ಸ್ವೀಪ್. ಸ್ಕಲ್ಲಿಂಗ್‌ನಲ್ಲಿ ಒಬ್ಬರ, ಇಬ್ಬರ, ನಾಲ್ವರ ದೋಣಿಗಳಿವೆ. ಸ್ವೀಪ್‌ನಲ್ಲಿ ಒಬ್ಬರ ಹುಟ್ಟು ಎಡಕ್ಕಿದ್ದರೆ ಇನ್ನೊಬ್ಬರದು ಬಲಕ್ಕಿರಬೇಕಾದ್ದರಿಂದ ಇಬ್ಬರು, ನಾಲ್ವರು ಅಥವಾ ಎಂಟು ಮಂದಿ ಕೂಡಿಯೇ ದೋಣಿ ನಡೆಸುತ್ತಾರೆ. ಹುಟ್ಟು ಹಾಕುವವರೆಲ್ಲ ಗುರಿಗೆ ಬೆನ್ನು ಮಾಡಿ ಕುಳಿತಿರುತ್ತಾರಾದ್ದರಿಂದ ಎಂಟು ಮಂದಿಯ ದೋಣಿಯಲ್ಲಿ ಕಾಕ್ಸ್ ಎಂಬ ಒಂಬತ್ತನೆಯವರು ಮುಂದಿನ ದಾರಿ ನೋಡುತ್ತ, ಚುಕ್ಕಾಣಿ ಹಿಡಿದು, ಎಳೆತದ ಲಯವನ್ನು ಕೂಗಿ ಹೇಳುತ್ತಾರೆ.

ಕಠಿಣವಾದದ್ದು ಯಾವುದೆಂದರೆ, ಒಬ್ಬರ ದೋಣಿಯೇ ಎಂದು ನಾನು ನಿಸ್ಸಂಕೋಚವಾಗಿ ಹೇಳುತ್ತೇನೆ. ಸುಮಾರು 8 ಮೀಟರ್ ಉದ್ದದ ಈ ದೋಣಿಗೆ ಪಂದ್ಯದ ನಿಯಮದಂತೆ 14 ಕಿಲೋ ತೂಕವಿದ್ದರೆ ಸಾಕು. ನೀರಿನ ಮೇಲೆ ಅದನ್ನು ಮಗುಚದಂತೆ ಕಾಯುವುದು ಚಾಚಿದ ಹುಟ್ಟುಗಳೇ. ಎಳೆಯುವಾಗ ಎರಡೂ ಹಿಡಿಗಳು ಎದೆಯ ಮುಂದೆ ಒಂದನ್ನೊಂದು ದಾಟುವುದರಿಂದ ಹೊಸಬರ ಬೆರಳ ಗೆಣ್ಣುಗಳು ತರಚಿಹೋಗುತ್ತವೆ. ಪ್ರತಿ ಎಳೆತದ ಕೊನೆಗೆ ಮಣಿಕಟ್ಟು ತಿರುಗಿಸಿ ಹುಟ್ಟಿನ ಅಲಗನ್ನು ಮಲಗಿಸಬೇಕು, ನೀರಿಗಿಳಿಸುವ ಮುನ್ನ ಮತ್ತೆ ನೆಟ್ಟಗೆ ನಿಲ್ಲಿಸಬೇಕು. ತಪ್ಪಿದರೆ ನೀರು ಹುಟ್ಟನ್ನು ಹಿಡಿದೆಳೆದು, ಅದರ ಹಿಡಿ ಹೊಟ್ಟೆಗೆ ಬಡಿಯುತ್ತದೆ.

ಪಂದ್ಯದ ಸಾಮಾನ್ಯ ದೂರ 2000 ಮೀಟರ್. ವಿಶ್ವಮಟ್ಟದ ಪುರುಷರ ಎಂಟು ಮಂದಿಯ ದೋಣಿ ಇದನ್ನು ಐದೂವರೆ ನಿಮಿಷದ ಆಸುಪಾಸಿನಲ್ಲಿ ಮುಗಿಸಿದರೆ, ಒಬ್ಬರ ದೋಣಿಗೆ ಆರೂವರೆಯಿಂದ ಏಳು ನಿಮಿಷ ಬೇಕು. ಆರಂಭದ ರಭಸ ಇಳಿದು, ಗುರಿಯೂ ಇನ್ನೂ ದೂರವಿರುವ ಮೂರನೆಯ 500 ಮೀಟರ್‌ನಲ್ಲಿ ತೊಡೆಗಳು ಉರಿಯತೊಡಗುತ್ತವೆ, ಉಸಿರು ಸಾಲದಾಗುತ್ತದೆ. ಬಹಳಷ್ಟು ಪಂದ್ಯಗಳು ಕೈತಪ್ಪುವುದು ಅಲ್ಲಿಯೇ. ಮುಂದಿರುವವರಿಗೆ ಹಿಂದಿನವರೆಲ್ಲ ಕಾಣುತ್ತಾರೆ, ಹಿಂದಿರುವವರಿಗೆ ಎದುರಾಳಿಯೇ ಕಾಣುವುದಿಲ್ಲ. ಈ ಆಟದ ಅತ್ಯಂತ ಕ್ರೂರವಾದ ಸಂಗತಿ ಇದೆಂದು ನನ್ನ ಭಾವನೆ.

2010ರ ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಬಜರಂಗ್ ಲಾಲ್ ತಾಖರ್ ಭಾರತಕ್ಕೆ ಚಿನ್ನ ಗೆದ್ದದ್ದು ಒಬ್ಬರ ದೋಣಿಯಲ್ಲಿ. 2018ರ ಜಕಾರ್ತಾ ಕೂಟದ ಚಿನ್ನ ನಾಲ್ವರ ಸ್ಕಲ್ಲಿಂಗ್‌ನಲ್ಲಿ ಬಂದಿತು. ನಿಮ್ಮ ಮಗಳು ಸ್ಕಲ್ಲಿಂಗ್‌ನಿಂದಲೇ ಆರಂಭಿಸಲಿ, ದೇಹದ ಎರಡೂ ಬದಿ ಸಮನಾಗಿ ಪಳಗುತ್ತದೆ. ಮೊದಲು ನಾಲ್ವರ ದೋಣಿಯಲ್ಲಿ ಅನುಭವಿಗಳ ಜೊತೆ ಕುಳಿತು ಲಯ ಕಲಿತು, ಆಮೇಲೆ ಒಂಟಿ ದೋಣಿ ಹತ್ತುವುದು ಒಳ್ಳೆಯದು. ಈಜು ಬಾರದಿದ್ದರೆ ಮಾತ್ರ ದೋಣಿಗಿಂತ ಮುಂಚೆ ಅದನ್ನು ಕಲಿಸಿ.